ಹುಡ್ ಬೆಟ್ಟದ ಕಾಡಲ್ಲಿ ಮಣ್ಣು ಯಾಕೆ ಇಷ್ಟು ಹಗುರ? ಜ್ವಾಲಾಮುಖಿ ಮಣ್ಣಿನ ಬಗ್ಗೆ ಗೊತ್ತಿರೋರು ದಯವಿಟ್ಟು ಹೇಳಿ

ಕೊಪ್ಪದ ತೋಟದವಳು:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪ ಕಡೆಯವಳು, ಅಡಿಕೆ ಕಾಫಿ ಮಧ್ಯೆನೇ ಬೆಳೆದಿದ್ದು, ಈಗ ಹನ್ನೊಂದು ವರ್ಷದಿಂದ ಅಮೆರಿಕದ ಒರೆಗಾನ್‌ನಲ್ಲಿ ಇದೀನಿ. ಹೋದ ವರ್ಷದ ಶುರುವಲ್ಲಿ ನಾವು ಮೌಂಟ್ ಹುಡ್‌ನ ಉತ್ತರದ ಮಗ್ಗುಲಲ್ಲಿ, ಹುಡ್ ರಿವರ್ ಕಣಿವೆಯ ಮೇಲ್ಭಾಗದಲ್ಲಿ ಎರಡು ಎಕರೆ ಇಳಿಜಾರು ಜಾಗ ತಗೊಂಡ್ವಿ. ಮೇಲಿನ ಅರ್ಧ ಡಗ್ಲಸ್ ಫರ್ ಕಾಡು, ಕೆಳಗಿನ ಅರ್ಧ ಪಾಳು ಬಿದ್ದ ಹಳೇ ಪೇರ್ ತೋಟ.

ಕಾಡಿನ ಕಡೆ ಒಂದು ದೊಡ್ಡ ಮರ ಗಾಳಿಗೆ ಬೇರು ಸಮೇತ ಮಗುಚಿ ಬಿದ್ದಿದೆ, ಅದರ ಬುಡದ ಹೊಂಡದಲ್ಲಿ ಇಳಿದು ಮಣ್ಣು ಕೈಗೆ ತಗೊಂಡೆ, ನಿಜ ಹೇಳ್ತೀನಿ ಒಂದು ಬೊಗಸೆ ಮಣ್ಣಿಗೆ ತೂಕನೇ ಇಲ್ಲ. ಕಾಫಿಪುಡಿ ಬಣ್ಣ, ಮೇಲ್ನೋಟಕ್ಕೆ ಉದುರುದುರು, ಆದ್ರೆ ಬೆರಳ ಮಧ್ಯೆ ಹಾಕಿ ಜೋರಾಗಿ ಉಜ್ಜಿದ್ರೆ ಇದ್ದಕ್ಕಿದ್ದ ಹಾಗೆ ಬೆಣ್ಣೆ ಥರ ಜಾರಿ ನೀರು ಬಿಡುತ್ತೆ, ಬಿಟ್ಟರೆ ಮತ್ತೆ ಗಟ್ಟಿ! ನಮ್ಮೂರಿನ ಜಂಬಿಟ್ಟಿಗೆ ಮಣ್ಣು ಹೀಗೆ ಯಾವತ್ತೂ ಮಾಡಿದ್ದು ನೋಡಿಲ್ಲ. ಕಾಡಲ್ಲಿ ನಡೆದ್ರೆ ಹಾಸಿಗೆ ಮೇಲೆ ಕಾಲಿಟ್ಟ ಹಾಗೆ ಇರುತ್ತೆ, ಎಷ್ಟು ಮಳೆ ಬಂದ್ರೂ ಒಂದು ಕಡೆಯೂ ನೀರು ಹರಿಯಲ್ಲ, ಎಲ್ಲ ಒಳಗೇ ಹೋಗುತ್ತೆ.

ಸಂಕಟ ಇರೋದು ಕೆಳಗಿನ ಅರ್ಧದಲ್ಲಿ. ಅಲ್ಲಿ ಸ್ವಲ್ಪ ಸಮ ಮಾಡೋಕೆ ಅಂತ ಒಬ್ಬರಿಗೆ ಕೆಲಸ ಕೊಟ್ವಿ. ಅವರು ಏಪ್ರಿಲ್‌ನಲ್ಲಿ ಮಣ್ಣು ಇನ್ನೂ ಒದ್ದೆ ಇರೋವಾಗಲೇ ಡೋಜರ್ ಹತ್ತಿಸಿ ಮೇಲ್ಮಣ್ಣೆಲ್ಲ ಕೆರೆದು ಮೂಲೆಗೆ ಗುಡ್ಡೆ ಹಾಕಿದ್ರು, ಇಳಿಜಾರು ಕಡಿದು ಒಂದು ದಾರಿನೂ ಮಾಡಿದ್ರು. ಗುಡ್ಡೆ ಬೇಸಿಗೆ ಪೂರ್ತಿ ಬಿಸಿಲಲ್ಲಿ ಒಣಗಿತು. ಸೆಪ್ಟೆಂಬರ್‌ನಲ್ಲಿ ಅದರಲ್ಲಿ ಅರ್ಧ ವಾಪಸ್ ಹರಡಿದ್ವಿ, ಈಗ ಅದು ಮಣ್ಣೇ ಅಲ್ಲ, ಮರಳಿನ ಥರ ಆಗಿದೆ, ನೀರು ಹಾಕಿದ್ರೆ ಮುತ್ತಿನ ಹಾಗೆ ಮೇಲೇ ನಿಲ್ಲುತ್ತೆ. ಡೋಜರ್ ಓಡಾಡಿದ ಸಾಲಲ್ಲಿ ಮಾತ್ರ ಉಲ್ಟಾ, ಕೆಸರು ಕಟ್ಟಿ ನೀರು ಇಂಗಲ್ಲ. ಈ ವರ್ಷ ಮೇನಲ್ಲಿ ನೆಟ್ಟ ಟೊಮೆಟೊ ಎಲೆ ಅಡಿ ಎಲ್ಲ ನೇರಳೆ ಬಣ್ಣ, ಬೆಳವಣಿಗೆ ಇಲ್ಲ.

ಜ್ವಾಲಾಮುಖಿ ಮಣ್ಣು ಅಂದ್ರೆ ಬಂಗಾರ, ಏನು ಹಾಕಿದ್ರೂ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ, ಕಾಫಿ ಪ್ಯಾಕೆಟ್ ಮೇಲೂ ಅದನ್ನೇ ದೊಡ್ಡದಾಗಿ ಬರೀತಾರೆ. ಮೇಲೆ ಅಷ್ಟೆತ್ತರದ ಮರ ಬೆಳೆಸಿರೋ ಅದೇ ಮಣ್ಣು ಐವತ್ತು ಮೀಟರ್ ಕೆಳಗೆ ಹೀಗೆ ಯಾಕಾಯ್ತು? ನಾನು ಹಾಳು ಮಾಡಿಬಿಟ್ನಾ, ಸರಿ ಮಾಡೋಕೆ ಆಗುತ್ತಾ? ಮನಸ್ಸಿಗೆ ತುಂಬ ಬೇಜಾರಾಗಿದೆ, ಗೊತ್ತಿರೋರು ಹೇಳಿ.

ಮಣ್ಣು ಮೇಷ್ಟ್ರು:

ಅಕ್ಕಾ, ನೀವು ಬೆರಳಲ್ಲಿ ಉಜ್ಜಿ ನೋಡಿದ್ರಲ್ಲ, ನಾವು ಕ್ಲಾಸಲ್ಲಿ ಹುಡುಗರಿಗೆ ಮೊದಲು ಹೇಳಿಕೊಡೋ ಪರೀಕ್ಷೆನೇ ಅದು. ಉಜ್ಜಿದ್ರೆ ನೀರಾಗಿ, ಬಿಟ್ಟರೆ ಗಟ್ಟಿಯಾಗೋ ಆ ಗುಣ ಬೂದಿಮಣ್ಣಿನ ಗುರುತು. ಇದಕ್ಕೆ ಆಂಡಿಸಾಲ್ ಅಂತಾರೆ, ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಆಂಡೊಸಾಲ್. ಹೆಸರು ಜಪಾನಿ ಭಾಷೆದು, "ಆನ್" ಅಂದ್ರೆ ಕಪ್ಪು ಅಥವಾ ಗಾಢ, "ದೊ" ಅಂದ್ರೆ ಮಣ್ಣು. ಅಮೆರಿಕದ ಮಣ್ಣಿನ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಗಣ ಅಂತ ಜಾಗ ಸಿಕ್ಕಿದ್ದೇ 1990ರಲ್ಲಿ. ಪ್ರಪಂಚದ ನೆಲದಲ್ಲಿ ಇದರ ಪಾಲು ಹತ್ತಿರ ಹತ್ತಿರ 1 ಪರ್ಸೆಂಟ್ ಅಷ್ಟೇ.

ಈಗ ಯಾಕೆ ಹಗುರ ಅಂತ. ಬೆಲ್ಲದ ಪಾಕನ ತಣ್ಣೀರಿಗೆ ಬಿಟ್ಟರೆ ಗಾಜಿನ ಥರ ಆಗುತ್ತೆ, ಅದೇ ಸಕ್ಕರೆ ಪಾಕನ ದಿನಗಟ್ಟಲೆ ನಿಧಾನಕ್ಕೆ ಆರೋಕೆ ಬಿಟ್ಟರೆ ಕಲ್ಲುಸಕ್ಕರೆ ಹರಳು ಕಟ್ಟುತ್ತೆ, ಅಲ್ವಾ? ಜ್ವಾಲಾಮುಖಿ ಆಸ್ಫೋಟದಲ್ಲಿ ಮೇಲಕ್ಕೆ ಚಿಮ್ಮಿದ ಶಿಲಾರಸ ಗಾಳಿಯಲ್ಲೇ ಥಟ್ಟನೆ ಆರಿಬಿಡುತ್ತೆ, ಹರಳು ಕಟ್ಟೋಕೆ ಟೈಮೇ ಇರಲ್ಲ, ಹಾಗಾಗಿ ಬೂದಿ ಅಂತ ನಾವು ಹೇಳೋದು ನಿಜವಾಗಿ ಗಾಜಿನ ಪುಡಿ. ಸೌದೆ ಬೂದಿಗೂ ಇದಕ್ಕೂ ಸಂಬಂಧ ಇಲ್ಲ. ಗಾಜಿನೊಳಗೆ ಅಣುಗಳಿಗೆ ಗಟ್ಟಿ ಜೋಡಣೆ ಇಲ್ಲದ ಕಾರಣ ಮಳೆ ನೀರಿಗೆ ಬೇಗ ಕರಗುತ್ತೆ, ಕರಗಿದ ಅಲ್ಯೂಮಿನಿಯಂ, ಸಿಲಿಕಾ ಸೇರಿ ಅಲೋಫೇನ್, ಇಮೊಗೊಲೈಟ್ ಅನ್ನೋ ಖನಿಜಗಳು ಆಗ್ತವೆ. ಅಲೋಫೇನ್ ಅಂದ್ರೆ ಒಳಗೆ ಟೊಳ್ಳಾದ ಗುಂಡು, ಅಗಲ ಒಂದು ಮಿಲಿಮೀಟರ್‌ನ ಹತ್ತು ಲಕ್ಷ ಪಾಲು ಮಾಡಿದ್ರೆ ಅದರಲ್ಲಿ ನಾಲ್ಕೈದು ಪಾಲು ಮಾತ್ರ. ಇಮೊಗೊಲೈಟ್ ಅದಕ್ಕಿಂತ ತೆಳ್ಳನೆಯ ಕೊಳವೆ. ಇಂಥ ಟೊಳ್ಳು ಗುಂಡು, ಕೊಳವೆ ಒಂದಕ್ಕೊಂದು ಅಂಟಿ, ಮಧ್ಯೆ ಸಂದು ಬಿಟ್ಕೊಂಡು ಗೂಡು ಕಟ್ಟುತ್ತೆ. ಮಾಮೂಲಿ ಮಣ್ಣು ಅಲ್ಲಾಡಿಸದೆ ಒಂದು ಲೀಟರ್ ಡಬ್ಬಿಯಲ್ಲಿ ಕೊರೆದು ತೆಗೆದು ಒಣಗಿಸಿದ್ರೆ ಸುಮಾರು 1.2ರಿಂದ 1.4 ಕಿಲೋ ತೂಗುತ್ತೆ, ಆಂಡಿಸಾಲ್‌ಗೆ ಇಟ್ಟಿರೋ ಮಿತಿ 0.9 ಕಿಲೋ, ಎಷ್ಟೋ ಕಾಡಲ್ಲಿ ಅದಕ್ಕಿಂತಲೂ ಬಹಳ ಕಮ್ಮಿ ಬರುತ್ತೆ. ಅಂದ್ರೆ ನೀವು ಬೊಗಸೆಯಲ್ಲಿ ಹಿಡಿದಿದ್ದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬರೀ ಸಂದು, ಗಾಳಿ ಮತ್ತು ನೀರು.

ಆ ಸಂದುಗಳೇ ಕಾಡಿಗೆ ಜೀವ. ನಿಮ್ಮಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆ ಒಣ. ನಮ್ಮ ಮಲೆನಾಡಿಗೆ ಪೂರ್ತಿ ಉಲ್ಟಾ. ಮರಕ್ಕೆ ನೀರು ಬೇಕಾಗಿರೋದು ಜುಲೈ ಆಗಸ್ಟ್‌ನಲ್ಲಿ, ಆಗ ಆಕಾಶದಿಂದ ಬರಲ್ಲ, ಚಳಿಗಾಲದಲ್ಲಿ ಮಣ್ಣು ಕುಡಿದಿಟ್ಟಿದ್ದನ್ನೇ ಮರ ಕುಡೀಬೇಕು.

ಇನ್ನು ನಿಮ್ಮ ಟೊಮೆಟೊ. ಅಲೋಫೇನ್ ಮೇಲ್ಮೈ ಎಷ್ಟು ದೊಡ್ಡದು ಅಂದ್ರೆ ಒಂದೇ ಗ್ರಾಂನಲ್ಲಿ ನೂರಾರು ಚದರ ಮೀಟರ್. ಆ ಮೇಲ್ಮೈ ಮೇಲಿರೋ ಅಲ್ಯೂಮಿನಿಯಂ ರಂಜಕನ, ಅಂದ್ರೆ ಫಾಸ್ಫರಸ್‌ನ, ಕಂಡ್ರೆ ಬಿಡೋದೇ ಇಲ್ಲ. ಲ್ಯಾಬಲ್ಲಿ ಫಾಸ್ಫೇಟ್ ದ್ರಾವಣ ಹಾಕಿದ್ರೆ 85 ಪರ್ಸೆಂಟ್‌ಗಿಂತ ಜಾಸ್ತಿ ಹಿಡಿದಿಟ್ಕೊಳ್ಳೋದೇ ಈ ಮಣ್ಣಿನ ಒಂದು ಅಧಿಕೃತ ಲಕ್ಷಣ. ಮಣ್ಣಲ್ಲಿ ರಂಜಕ ಇರುತ್ತೆ, ಗಿಡದ ಬಾಯಿಗೆ ಬರಲ್ಲ, ನೇರಳೆ ಎಲೆ ಆ ಹಸಿವಿನ ಲಕ್ಷಣ. ಆದ್ರೆ ಮೇ ತಿಂಗಳ ತಂಪಲ್ಲಿ ಬೇರು ಕೆಲಸ ಮಾಡದೇ ಇದ್ರೂ ಟೊಮೆಟೊ ನೇರಳೆ ಆಗುತ್ತೆ, ಅದಕ್ಕೆ ಟೆಸ್ಟ್ ಮಾಡಿಸದೆ ಗೊಬ್ಬರ ಸುರೀಬೇಡಿ.

ಒಣಗಿದ ಗುಡ್ಡೆ ವಿಷಯ ಹೇಳೋಕೆ ನನಗೂ ಸಂಕಟ ಆಗುತ್ತೆ. ಈ ಮಣ್ಣು ಹುಟ್ಟಿದಾಗಿನಿಂದ ಪೂರ್ತಿ ಒಣಗಿರೋದೇ ಇಲ್ಲ, ಮರದ ನೆರಳು, ದರಗಿನ ಹೊದಿಕೆ ಅಡಿಯಲ್ಲಿ ಯಾವಾಗಲೂ ಹಸಿ. ಒಂದು ಸಲ ಸಂಪೂರ್ಣ ಒಣಗಿದ್ರೆ ಆ ಟೊಳ್ಳು ಗುಂಡುಗಳೆಲ್ಲ ಒಂದಕ್ಕೊಂದು ಕಚ್ಕೊಂಡು ಗಟ್ಟಿ ಕಾಳಾಗ್ತವೆ, ಮತ್ತೆ ನೀರು ಹಾಕಿದ್ರೂ ಮೊದಲಿನ ಹಾಗೆ ಬಿಚ್ಚಿಕೊಳ್ಳಲ್ಲ. ನೀವು ನೋಡ್ತಿರೋ ಮರಳು ಅದೇ. ಪೂರ್ತಿ ಹಿಂದಕ್ಕೆ ತರೋಕಾಗಲ್ಲ, ಆದ್ರೆ ಕಾಂಪೋಸ್ಟ್, ಎಲೆ, ಹಸಿ ಸೊಪ್ಪು ಕೊಡ್ತಾ ಬಂದ್ರೆ ಆ ಕಾಳುಗಳ ಸುತ್ತ ಹೊಸ ಜೀವ ಕಟ್ಕೊಳ್ಳುತ್ತೆ.

ಒಂದು ಕೆಲಸ ಮಾಡಿ. ಅಲ್ಲಿ ಸರ್ಕಾರದ ವೆಬ್ ಸಾಯಿಲ್ ಸರ್ವೆ ಅಂತ ಇದೆ, ದುಡ್ಡಿಲ್ಲ, ನಿಮ್ಮ ಜಾಗದ ಮೇಲೆ ಗೆರೆ ಎಳೆದ್ರೆ ಮಣ್ಣಿನ ಪೂರ್ತಿ ಹೆಸರು ಕೊಡುತ್ತೆ. ಹೆಸರಿನ ಕೊನೆಯಲ್ಲಿ "ಆಂಡ್" ಅಂತ ಇದ್ರೆ ಆಂಡಿಸಾಲ್, ಅದರ ಹಿಂದೆ "ವಿಟ್ರಿ" ಅಂತ ಇದ್ರೆ ಗಾಜು ಇನ್ನೂ ಕರಗದೆ ಉಳಿದಿದೆ ಅಂತ, "ಝೆರ್" ಇದ್ರೆ ಬೇಸಿಗೆ ಒಣಗೋ ಸೀಮೆ, "ಕ್ರೈ" ಇದ್ರೆ ಚಳಿ ಸೀಮೆ.

ಎರಿ ಹೊಲ, ವಿಜಯಪುರ:

ನಮಸ್ಕಾರ್ರಿ. ಮೇಷ್ಟ್ರ, ನಮ್ಮ ಎರಿ ಭೂಮಿನೂ ಜ್ವಾಲಾಮುಖಿಯಿಂದನ ಬಂದದ್ದು ಅಂತ ಸಾಲ್ಯಾಗ ಓದೇವಿ. ಮತ್ತ ನಮ್ಮ ಮಣ್ಣು ಯಾಕ ಹಿಂಗ ಹಗುರ ಇಲ್ಲ? ನಮ್ದು ಮಳಿ ಬಿತ್ತಂದ್ರ ಕಾಲಿಗೆ ಒಂದೊಂದು ಸೇರು ಹತ್ತಿಕೊಂಡು ಬಿಡಂಗಿಲ್ಲ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡತೈತಿ, ಆದ್ರ ಒಣಗಿದ್ರೂ ಮತ್ತ ಮಳಿ ಬಿದ್ದಕೂಡಲೇ ಉಬ್ಬಿ ಮೊದಲಿನಂಗ ಆಗತೈತಿ. ಅಕ್ಕಾವ್ರ ಮಣ್ಣು ಒಂದ ಸಲ ಒಣಗಿದ್ರ ಸತ್ತಂಗ ಅಂತೀರಲ್ಲ, ಎರಡೂ ಒಂದ ಬೆಂಕಿಯ ಮಕ್ಕಳು ಆದ್ರ ಗುಣ ಯಾಕ ಇಷ್ಟು ಬ್ಯಾರೆ?

ಮಣ್ಣು ಮೇಷ್ಟ್ರು:

ಒಳ್ಳೆ ಪ್ರಶ್ನೆ ಕೇಳಿದ್ರಿ ಅಣ್ಣಾವ್ರೇ. ದಖ್ಖನ್‌ದು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ, ಆಕಾಶಕ್ಕೆ ಚಿಮ್ಮಿದ ಬೂದಿ ಅಲ್ಲ, ನೆಲದ ಮೇಲೆ ಹರಿದು ಪದರ ಪದರವಾಗಿ ಆರಿದ್ದು, ಹಾಗಾಗಿ ಹರಳು ಕಟ್ಟಿದ ಬಸಾಲ್ಟ್ ಕಲ್ಲು. ಅದು ನಿಧಾನಕ್ಕೆ ಸವೆದು, ಅದೂ ಮಳೆ ಕಮ್ಮಿ ಇರೋ ಸೀಮೆಯಲ್ಲಿ, ಸಿಲಿಕಾ, ಸುಣ್ಣ, ಮೆಗ್ನೀಸಿಯಂ ತೊಳೆದು ಹೋಗದೆ ಅಲ್ಲೇ ಉಳಿದು ಸ್ಮೆಕ್ಟೈಟ್ ಜೇಡಿ ಆಯ್ತು. ಸ್ಮೆಕ್ಟೈಟ್ ಪುಸ್ತಕದ ಹಾಳೆ ಇದ್ದ ಹಾಗೆ, ಹಾಳೆ ಮಧ್ಯೆ ನೀರು ಹೋದ್ರೆ ಉಬ್ಬುತ್ತೆ, ಹೊರಗೆ ಬಂದ್ರೆ ಕುಗ್ಗುತ್ತೆ, ಎಷ್ಟು ಸಲ ಬೇಕಾದ್ರೂ. ಅಲೋಫೇನ್‌ಗೆ ಹಾಳೆ ಇಲ್ಲ, ಬರೀ ಟೊಳ್ಳು, ಒಂದು ಸಲ ಕುಸಿದ್ರೆ ಎಬ್ಬಿಸೋರಿಲ್ಲ. ಹೊತ್ತು, ಮಳೆ, ಆರಿದ ರೀತಿ ಮೂರೂ ಬೇರೆ.

ಜೊತೆಗೆ ಅಕ್ಕನ ಜಾಗದ ವಯಸ್ಸು ನೋಡಿ. ಈಗ ಕ್ರೇಟರ್ ಲೇಕ್ ಇರೋ ಜಾಗದಲ್ಲಿ ಇದ್ದ ಮಜಾಮಾ ಪರ್ವತ ಸಿಡಿದಿದ್ದು ಸುಮಾರು 7,700 ವರ್ಷದ ಹಿಂದೆ, ಅದರ ಬೂದಿ ಕೆನಡಾವರೆಗೂ ಹೋಯ್ತು. ಹುಡ್ ಬೆಟ್ಟ ಕೊನೆಯ ದೊಡ್ಡ ಸರದಿ ಉಗುಳಿದ್ದು 1780, 90ರ ದಶಕದಲ್ಲಿ. ಅದರ ಮರಳು ಕೆಸರು ಎಷ್ಟಿತ್ತು ಅಂದ್ರೆ 1805ರಲ್ಲಿ ಅಲ್ಲಿಗೆ ಬಂದ ಲೂಯಿಸ್ ಮತ್ತು ಕ್ಲಾರ್ಕ್ ಅನ್ನೋ ಅನ್ವೇಷಕರು ಅಲ್ಲಿನ ಒಂದು ನದಿಗೆ "ಹೂತುಹೋಗೋ ಮರಳಿನ ನದಿ" ಅನ್ನೋ ಅರ್ಥದ ಹೆಸರೇ ಇಟ್ಟರು, ಈಗ ಅದನ್ನ ಸ್ಯಾಂಡಿ ನದಿ ಅಂತಾರೆ. ನಿಮ್ಮ ಎರಿ ಮುಂದೆ ಇದು ಹಸುಗೂಸು.

ಕುಮಾಮೊಟೊ ಕನ್ನಡಿಗ:

ನಾನು ಜಪಾನಿನ ಕುಮಾಮೊಟೊದಲ್ಲಿ ಇದೀನಿ, ಆಸೊ ಜ್ವಾಲಾಮುಖಿ ಇಲ್ಲಿಂದ ಹತ್ತಿರ, ವಾರಾಂತ್ಯ ಅಲ್ಲೊಬ್ಬ ಅಜ್ಜನ ಹೊಲದಲ್ಲಿ ಕೆಲಸ ಕಲೀತೀನಿ. ಇಲ್ಲಿ ರೈತರು ಈ ಮಣ್ಣಿಗೆ ಕುರೊಬೊಕು ಅಂತಾರೆ, ಕುರೊ ಅಂದ್ರೆ ಕಪ್ಪು, ಬೊಕು ಅನ್ನೋದು ಮೇಲೆ ಕಾಲಿಟ್ಟಾಗ ಬೊಕ್ ಬೊಕ್ ಅಂತ ಕುಸಿಯೋ ಅನುಭವಕ್ಕೆ. ಮೇಷ್ಟ್ರು ಹೇಳಿದ ಇಮೊಗೊಲೈಟ್ ಕೂಡ ಇದೇ ಜಿಲ್ಲೆಯ ಹುಡುಕಾಟ, ಇಲ್ಲಿನ ಹಳ್ಳಿಯವರು ಒಂದು ಥರದ ಗಾಜುಬೂದಿ ಮಣ್ಣಿಗೆ ಇಮೊಗೊ ಅಂತ ಕರೀತಿದ್ರು, 1962ರಲ್ಲಿ ಆ ಮಣ್ಣಲ್ಲಿ ಸಿಕ್ಕ ಖನಿಜಕ್ಕೆ ಆ ಹೆಸರೇ ಹೋಯ್ತು. ರೈತರ ಬಾಯಿಮಾತು ಪ್ರಪಂಚದ ಲ್ಯಾಬ್‌ಗೆಲ್ಲ ಹೋಗಿರೋದು ನೋಡಿದ್ರೆ ನನಗಂತೂ ಬಹಳ ಖುಷಿ.

ಅಕ್ಕಾ, ನಿಮ್ಮ ಕಾಡಿನ ಮಣ್ಣು ಕಾಫಿಪುಡಿ ಬಣ್ಣ ಅಂದ್ರಲ್ಲ, ಅದು ಮರದ ಕೈ ಗುರುತು. ಇಲ್ಲಿ ಒಂದೇ ಬೂದಿ ಮೇಲೆ ಕಾಡಿದ್ದ ಕಡೆ ಮಣ್ಣು ಕಂದು, ಹುಲ್ಲುಗಾವಲಿದ್ದ ಕಡೆ ಇದ್ದಲಿನಷ್ಟು ಕಪ್ಪು. ಆಸೊ ಸುತ್ತ ಸಾವಿರಾರು ವರ್ಷದಿಂದ ಸುಸುಕಿ ಹುಲ್ಲು, ಪ್ರತಿ ವರ್ಷ ವಸಂತಕ್ಕೆ ಮೊದಲು ಊರವರು ಸೇರಿ ಬೆಂಕಿ ಕೊಡ್ತಾರೆ, ಹುಲ್ಲಿನ ಬೇರು ಮತ್ತೆ ಆ ಇದ್ದಲು ಸೇರಿ ಕಪ್ಪು ಹೆಪ್ಪುಗಟ್ಟಿದೆ. ಕಾಡಲ್ಲಿ ಎಲೆ ಮೇಲಿಂದ ಬೀಳುತ್ತೆ, ಕೊಳೆಯೋ ರೀತಿ ಬೇರೆ, ಹುಟ್ಟೋ ಹ್ಯೂಮಸ್ ಬೇರೆ. ನಾನೂ ಮೊದಲು ಕಪ್ಪು ಕಂಡ್ರೆ ಫಲವತ್ತು ಅಂತ ಅಂದ್ಕೊಂಡಿದ್ದೆ, ಅಜ್ಜ ಹೇಳಿದ್ರು, ಅವರಪ್ಪನ ಕಾಲದಲ್ಲಿ ಈ ಕಪ್ಪು ಮಣ್ಣಿನ ಹೊಲ ಅಂದ್ರೆ ಬಡವರ ಹೊಲ ಅಂತ. ಜಪಾನಿನ ಖುಷ್ಕಿ ಹೊಲದಲ್ಲಿ ಅರ್ಧದ ಹತ್ತಿರ ಇದೇ ಮಣ್ಣು, ಯುದ್ಧ ಮುಗಿದ ಮೇಲೆ ಸರ್ಕಾರ ಫಾಸ್ಫೇಟ್ ರಾಶಿ ರಾಶಿ ಹಾಕಿಸಿದ ಮೇಲೇ ಅದು ಒಳ್ಳೆ ಹೊಲ ಅನ್ನಿಸಿಕೊಂಡಿದ್ದು.

ಅಜ್ಜ ಮಾಡೋದು ಏನಂದ್ರೆ ಫಾಸ್ಫೇಟ್‌ನ ಹೊಲಕ್ಕೆಲ್ಲ ಎರಚಲ್ಲ, ಕೊಳೆತ ಗೊಬ್ಬರದ ಜೊತೆ ಕಲೆಸಿ ಸಸಿಯ ಬೇರಿನ ಪಕ್ಕ ಸಾಲಲ್ಲಿ ಮಾತ್ರ ಇಡ್ತಾರೆ. ಎರಚಿದ್ರೆ ಮಣ್ಣು ತಿನ್ನುತ್ತೆ, ಸಾಲಲ್ಲಿಟ್ರೆ ಗಿಡ ತಿನ್ನುತ್ತೆ ಅಂತಾರೆ.

ಇನ್ನೊಂದು, ನೀವು ಇಳಿಜಾರು ಕಡಿದು ದಾರಿ ಮಾಡಿಸಿದೀರಿ ಅಂದ್ರಲ್ಲ, ಅದರ ಮೇಲೆ ಕಣ್ಣಿಡಿ. 2016ರ ಏಪ್ರಿಲ್ 16ರ ಭೂಕಂಪದಲ್ಲಿ ಇಲ್ಲಿ ಮಿನಾಮಿ ಆಸೊ ಕಡೆ ಬೆಟ್ಟಗಳು ಜಾರಿದ್ದು ನಾನು ಮರೆಯಲ್ಲ, ಕಡಿದಾದ ಜಾಗ ಮಾತ್ರ ಅಲ್ಲ, ಹುಲ್ಲುಗಾವಲಿನ ಮೆತ್ತನೆ ಇಳಿಜಾರೂ ಹಾಳೆ ಎಳೆದ ಹಾಗೆ ಜಾರಿತ್ತು.

ಕೊಪ್ಪದ ತೋಟದವಳು:

ಎಲ್ಲರಿಗೂ ಕೈ ಮುಗಿದೆ. ಎರಡು ದಿನ ಮಣ್ಣಲ್ಲೇ ಇದ್ದೆ.

ಸಾಯಿಲ್ ಸರ್ವೆ ನೋಡಿದೆ, ಹೆಸರಿನ ಕೊನೆಯಲ್ಲಿ "ಆಂಡ್" ಇದೆ! ಒಂದು ಲೀಟರ್ ತಗಡಿನ ಡಬ್ಬಿ ಎರಡೂ ಕಡೆ ಕತ್ತರಿಸಿ ಮೆಲ್ಲಗೆ ಒತ್ತಿ ಮಣ್ಣು ತೆಗೆದು ಓವನ್‌ನಲ್ಲಿ ಒಣಗಿಸಿ ತೂಕ ಮಾಡಿದೆ. ಕಾಡಿನದು 620 ಗ್ರಾಂ, ಡೋಜರ್ ಸಾಲಿನದು 1,050 ಗ್ರಾಂ. ಒಂದೇ ಜಾಗದ ಮಣ್ಣು. ತೂಕ ನೋಡಿ ನಿಂತೇಬಿಟ್ಟೆ, ಆ ಸಂದುಗಳೆಲ್ಲ ಎಲ್ಲಿ ಹೋದ್ವು ಅಂತ ಆಗ ಅರ್ಥ ಆಯ್ತು.

ಜಾರೋ ವಿಷಯ ಓದಿ ಮಾತ್ರ ನಿದ್ದೆ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಲ್ಲಿ ಆಗಿದ್ದು ನಮ್ಮ ನೆಂಟರ ಕಣ್ಣೆದುರು ಆಗಿದ್ದು, ತೋಟನೇ ಹೋಯ್ತು ಅವರದ್ದು. ಅಲ್ಲಿನ ಮಣ್ಣೂ ಇದೂ ಒಂದೇ ಥರನಾ? ನನ್ನ ದಾರಿಯ ಮೇಲ್ಗಡೆ ಏಳೆಂಟು ದೊಡ್ಡ ಮರ ಇದಾವೆ, ಭಾರ ಆಗುತ್ತೆ ಕಡಿಸಿ ಅಂತ ಒಬ್ಬರು ಹೇಳಿದ್ರು, ಕಡಿಸಬೇಕಾ?

ಫಾರೆಸ್ಟ್ ಕೆಲಸ, ವಾಷಿಂಗ್ಟನ್:

ದಯವಿಟ್ಟು ಮರ ಕಡಿಸಬೇಡಿ! ಬೇಕಾದ್ರೆ ನೆಲ, ಇಳಿಜಾರು ಎಷ್ಟು ಗಟ್ಟಿ ಅಂತ ನೋಡೋ ಒಬ್ಬ ಜಿಯೊಟೆಕ್ನಿಕಲ್ ಎಂಜಿನಿಯರ್ ಕರೆಸಿ ತೋರಿಸಿ, ಅವರು ಹೇಳೋ ತನಕ ಒಂದು ಮರವನ್ನೂ ಮುಟ್ಟಬೇಡಿ. ಬೂದಿಮಣ್ಣನ್ನ ಇಳಿಜಾರಲ್ಲಿ ಹಿಡಿದಿಟ್ಟಿರೋದರಲ್ಲಿ ಬೇರಿನ ಪಾಲು ದೊಡ್ಡದು, ಕಡಿದ ಮೇಲೆ ಬೇರು ಕೊಳೆಯೋಕೆ ಕೆಲವು ವರ್ಷ ಹಿಡಿಯುತ್ತೆ, ಅಪಾಯ ಆಮೇಲೆ ಬರುತ್ತೆ.

ನಾನು ಕೊಲಂಬಿಯಾ ನದಿಯ ಈಚೆ ಕಡೆ, ವಾಷಿಂಗ್ಟನ್ ರಾಜ್ಯದಲ್ಲಿ ಕಾಡಿನ ಕೆಲಸದಲ್ಲಿದೀನಿ. ಕೊಡಗಿನ ಬೆಟ್ಟ ಜ್ವಾಲಾಮುಖಿದಲ್ಲ, ಅದು ನೈಸ್ (gneiss) ಅನ್ನೋ ಪಟ್ಟೆ ಪಟ್ಟೆಯ ಬಹಳ ಹಳೆಯ ಕಲ್ಲು ಆಳಕ್ಕೆ ಕೊಳೆತು ಆದ ಮಣ್ಣು. ಬೂದಿ ಇಳಿಜಾರಿನ ಸಮಸ್ಯೆ ಬೇರೆ, ಅಲ್ಲಿ ಮಣ್ಣು ಕಲ್ಲಿನಿಂದ ಹುಟ್ಟಿದ್ದಲ್ಲ, ಮೇಲಿಂದ ಬಂದು ಹಳೇ ನೆಲದ ಮೇಲೆ ಹೊದಿಕೆ ಥರ ಮಲಗಿದ್ದು. ಒಂದೊಂದು ಸ್ಫೋಟಕ್ಕೆ ಒಂದೊಂದು ಪದರ, ಒಂದು ನುಣುಪು, ಒಂದು ದಪ್ಪ ಪ್ಯೂಮಿಸ್ (ಗುಳ್ಳೆ ತುಂಬಿದ ಹಗುರ ಜ್ವಾಲಾಮುಖಿ ಕಲ್ಲು), ನೀರು ಪದರ ಬದಲಾಗೋ ಕಡೆ ತಡೆದು ನಿಲ್ಲುತ್ತೆ. ಹಳೇ ಪ್ಯೂಮಿಸ್ ಪದರ ಕೊಳೆತು ಹ್ಯಾಲೋಯ್‌ಸೈಟ್ ಅನ್ನೋ ಜೇಡಿ ಆದ್ರೆ ಅದೇ ಜಾರುಬಂಡೆ. ಕೊಡಗಿನ ಅದೇ 2018ರಲ್ಲಿ, ಸೆಪ್ಟೆಂಬರ್ 6ಕ್ಕೆ, ಜಪಾನಿನ ಹೊಕ್ಕೈಡೊದ ಆತ್ಸುಮಾದಲ್ಲಿ ಭೂಕಂಪಕ್ಕೆ ಕಾಡು ತುಂಬಿದ ಗುಡ್ಡಗಳು ಸಾವಿರಾರು ಕಡೆ ಮರ ಸಮೇತ ಜಾರಿದ್ದು ಇಂಥ ಪದರದ ಮೇಲೆ. ಅಲ್ಲಿ ಮರದ ಬೇರು ಇಳಿಯೋದಕ್ಕಿಂತ ಆಳದಲ್ಲಿ ಪದರ ಹೋಯ್ತು, ಹಾಗಾಗಿ ಮರ ಇದ್ರೆ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಬರೀ ಮಳೆಗೂ ಆಗುತ್ತೆ, 1998ರ ಮೇ 5ರಂದು ಇಟಲಿಯ ಸಾರ್ನೊದಲ್ಲಿ ಸುಣ್ಣಕಲ್ಲು ಬೆಟ್ಟದ ಮೇಲೆ ಮಲಗಿದ್ದ ವೆಸೂವಿಯಸ್ ಬೂದಿ ಕೆಸರಾಗಿ ಹರಿದು ಬಂದು 150ಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಕಡೆ ಶುರುವಾಗಿದ್ದು ಬೆಟ್ಟದಲ್ಲಿ ಕಡಿದ ದಾರಿಯ ಅಂಚಲ್ಲಿ. ಕೊಡಗಲ್ಲೂ ಇಳಿಜಾರು ಕಡಿದು ಕಟ್ಟಿದ್ದು ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ರು. ಕಲ್ಲು ಬೇರೆ ಆದ್ರೂ ನಾವು ಮಾಡೋ ತಪ್ಪು ಒಂದೇ. ಹಾಗಾಗಿ ನಿಮ್ಮ ದಾರಿಯ ನೀರು ಒಂದೇ ಕಡೆ ಕೂಡಿ ಇಳಿಯದ ಹಾಗೆ, ಕಡಿದ ಮುಖ ಬತ್ತಲೆ ಇರದ ಹಾಗೆ ಮಳೆಗಾಲಕ್ಕೆ ಮುಂಚೆ ಮಾಡಿಸಿ.

ನಿಮ್ಮ 620, 1,050 ನೋಡಿ ನನಗೆ ಆಶ್ಚರ್ಯ ಆಗಲಿಲ್ಲ. ನಾಟಾ ತೆಗೆಯೋ ಮಷೀನು ಒದ್ದೆ ಬೂದಿಮಣ್ಣಲ್ಲಿ ನಾಲ್ಕು ಸಲ ಓಡಾಡಿದ್ರೆ ಸಾಕು, ಆ ಗುರುತು ದಶಕಗಟ್ಟಲೆ ಉಳಿಯುತ್ತೆ, ಅಲ್ಲಿ ನೆಟ್ಟ ಸಸಿ ಕುಳ್ಳಾಗೇ ಇರುತ್ತೆ. ಎರಿ ಮಣ್ಣಿನ ಹಾಗೆ ತಾನಾಗೇ ಉಬ್ಬಿ ಬಿರಿದು ಸಡಿಲ ಆಗೋ ಗುಣ ಇದಕ್ಕಿಲ್ಲ. ಅದಕ್ಕೇ ನಾವು ಹಿಮ ಬಿದ್ದು ನೆಲ ಗಟ್ಟಿ ಆದಾಗ ಕೆಲಸ ಮಾಡ್ತೀವಿ, ಇಲ್ಲ ಕೊಂಬೆ ರೆಂಬೆ ದಪ್ಪಗೆ ಹಾಸಿ ಅದರ ಮೇಲೆ ಮಷೀನು ಓಡಿಸ್ತೀವಿ, ಹೋಗೋ ದಾರಿ ಒಂದೇ ಇಟ್ಕೋತೀವಿ.

ಬೂದಿಯ ಹೊದಿಕೆ ಎಲ್ಲ ಕಡೆ ಸಮ ಇರಲ್ಲ ಅನ್ನೋದೂ ಗೊತ್ತಿರಲಿ. ಪೂರ್ವದ ಬ್ಲೂ ಮೌಂಟನ್ಸ್, ಐಡಹೊ ಕಡೆ ಹೋದ್ರೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರಲ್ಲಿ ಮಜಾಮಾ ಬೂದಿ ಮೊಣಕಾಲುದ್ದ ಉಳಿದಿದೆ, ಫರ್ ಕಾಡು ದಟ್ಟ, ಅದೇ ಗುಡ್ಡದ ದಕ್ಷಿಣದ ಮಗ್ಗುಲಲ್ಲಿ ಬೂದಿ ತೊಳೆದು ಹೋಗಿ ಹುಲ್ಲು, ಅಲ್ಲೊಂದು ಇಲ್ಲೊಂದು ಪೈನ್. ಮಧ್ಯ ಒರೆಗಾನ್‌ನ ಪ್ಯೂಮಿಸ್ ಬಯಲಲ್ಲಿ ಮತ್ತೊಂದು ಕಥೆ, ಹಿಮ್ಮಡಿ ಉಜ್ಜೋ ಕಲ್ಲಿನ ಚೂರೇ ಮಣ್ಣು, ಅದರಲ್ಲಿ ಗಾಳಿ ತುಂಬಿರೋದರಿಂದ ನೆಲದ ಶಾಖ ಮೇಲಕ್ಕೆ ಬರಲ್ಲ, ರಾತ್ರಿ ನೆಲಮಟ್ಟದಲ್ಲಿ ಚಳಿ ಕಡಿದು ಬೇರೆ ಪೈನ್ ಸಸಿ ಸಾಯುತ್ತೆ, ಲಾಜ್‌ಪೋಲ್ ಪೈನ್ ಒಂದೇ ತಡ್ಕೊಳ್ಳುತ್ತೆ.

ಈಗ ನಿಮ್ಮ ಮೂಲ ಪ್ರಶ್ನೆ, ಇಂಥ ಮಣ್ಣಲ್ಲಿ ಅಷ್ಟು ದೊಡ್ಡ ಮರ ಹೇಗೆ. ಬೂದಿಯಲ್ಲಿ ಸಾರಜನಕ ಹತ್ತಿರ ಹತ್ತಿರ ಸೊನ್ನೆ, ರಂಜಕ ಬೀಗ ಹಾಕಿರುತ್ತೆ. ಮರ ಒಂಟಿಯಾಗಿ ಬೆಳೆದಿಲ್ಲ. ಡಗ್ಲಸ್ ಫರ್ ಬೇರಿನ ತುದಿಗೆ ಶಿಲೀಂಧ್ರ ಕೈಗವಸು ಥರ ಹೊದ್ದಿರುತ್ತೆ, ಅದರ ಎಳೆ ಸಂದುಗಳಲ್ಲಿ ಹರಡಿ ರಂಜಕ ಬಿಡಿಸಿ ತಂದು ಕೊಡುತ್ತೆ, ಮರ ಅದಕ್ಕೆ ಸಕ್ಕರೆ ಕೊಡುತ್ತೆ. ಶರತ್ಕಾಲದಲ್ಲಿ ನಿಮ್ಮ ಕಾಡಲ್ಲಿ ಹಳದಿ ಶಾಂಟ್ರೆಲ್ ಅಣಬೆ ಎದ್ದರೆ ಅದು ಈ ವ್ಯಾಪಾರದ ಹೂವು. ಇನ್ನು ಗಾಳಿಯ ಸಾರಜನಕನ ಬೇರಲ್ಲಿ ಹಿಡಿದು ಮಣ್ಣಿಗೆ ಕೊಡೋದು ರೆಡ್ ಆಲ್ಡರ್ ಮರ. ಇಲ್ಲಿ ವಿಂಡ್ ರಿವರ್ ಕಾಡಲ್ಲಿ ಸುಮಾರು 1930ರ ಹೊತ್ತಿಗೆ ಬೆಂಕಿ ತಡೆಯೋಕೆ ಅಂತ ಡಗ್ಲಸ್ ಫರ್ ಮಧ್ಯೆ ಆಲ್ಡರ್ ಪಟ್ಟಿ ನೆಟ್ಟಿದ್ರು, ವರ್ಷಗಳಾದ ಮೇಲೆ ನೋಡಿದ್ರೆ ಪಟ್ಟಿ ಪಕ್ಕದ ಫರ್‌ಗಳು ದೂರದವಕ್ಕಿಂತ ಚೆನ್ನಾಗಿ ಬೆಳೆದಿದ್ವು.

ಇಲ್ಲಿನ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಗೆ ಒಂದು ಸಲ ಹೋಗಿ ಬನ್ನಿ ಅಕ್ಕಾ. 1980ರ ಮೇ 18ರ ಬೆಳಗ್ಗೆ 8:32ಕ್ಕೆ ಅದು ಸಿಡಿದು 57 ಜನ ಹೋದ್ರು, 600 ಚದರ ಕಿಲೋಮೀಟರ್ ಹತ್ತಿರ ಕಾಡು ನಾಶ ಆಯ್ತು. ಆ ಬರೀ ಪ್ಯೂಮಿಸ್ ಬಯಲಲ್ಲಿ ಒಂದೆರಡು ವರ್ಷದೊಳಗೆ ತಲೆ ಎತ್ತಿದ್ದು ಗೇಣುದ್ದದ ಲೂಪಿನ್ ಗಿಡ, ನಮ್ಮ ಹುರುಳಿ ತೊಗರಿ ಜಾತಿಯದ್ದೇ, ಬೇರಲ್ಲೇ ಸಾರಜನಕ ಮಾಡ್ಕೊಳ್ಳುತ್ತೆ. ನೆಲದೊಳಗೆ ಬದುಕುಳಿದ ಗೋಫರ್ ಅನ್ನೋ ಬಿಲದ ಇಲಿಗಳು ಅಡಿಯ ಹಳೇ ಮಣ್ಣನ್ನ ಶಿಲೀಂಧ್ರದ ಬೀಜ ಸಮೇತ ಮೇಲಕ್ಕೆ ತಳ್ಳಿ ಬೂದಿ ಜೊತೆ ಕಲೆಸಿದ್ವು. 1983ರಲ್ಲಿ ವಿಜ್ಞಾನಿಗಳು ಬೇಕಂತಲೇ ಗೋಫರ್ ತಂದು ಪ್ಯೂಮಿಸ್ ತುಂಡು ನೆಲದಲ್ಲಿ ಒಂದು ದಿನ ಮಾತ್ರ ಬಿಟ್ಟಿದ್ರು, ಅದರ ಪರಿಣಾಮ ನಲವತ್ತು ವರ್ಷ ಆದ ಮೇಲೂ ಆ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಕಾಣ್ತಿದೆ. ನಿಮ್ಮ ಕೆಳಗಿನ ಅರ್ಧಕ್ಕೂ ಅದನ್ನೇ ಮಾಡಿ, ಮೇಲಿನ ಕಾಡಿನ ಹಸಿ ಮಣ್ಣು ಒಂದೆರಡು ಬುಟ್ಟಿ ತಂದು ಹೊಸದಾಗಿ ನೆಡೋ ಫರ್, ಪೈನ್ ಥರದ ಮರದ ಗುಂಡಿಗೆ ಸ್ವಲ್ಪ ಸ್ವಲ್ಪ ಹಾಕಿ. ಟೊಮೆಟೊಗೆ ಫರ್‌ನ ಶಿಲೀಂಧ್ರ ಹೊಂದಲ್ಲ, ಅದು ಬೇರೆ ಜಾತಿ, ಆ ಥರದ ಮರಗಳಿಗೆ ಮಾತ್ರ ಹಾಕಿ.

ನೀಲಗಿರಿ ಓಡಾಟ:

ತಡವಾಗಿ ಬಂದೆ, ಒಂದೇ ಮಾತು ಸೇರಿಸ್ತೀನಿ. ಬೆರಳಲ್ಲಿ ಉಜ್ಜಿದ್ರೆ ಜಾರೋ, ತೂಕ ಇಲ್ಲದ ಕಪ್ಪು ಕಂದು ಮಣ್ಣು ನಮ್ಮಲ್ಲೂ ಇದೆ, ಊಟಿ ಮೇಲಿನ ಶೋಲಾ ಕಾಡು ಹುಲ್ಲುಗಾವಲಲ್ಲಿ, 2,000 ಮೀಟರ್ ಮೇಲೆ. ಅಲ್ಲಿ ಜ್ವಾಲಾಮುಖಿಯ ಬೂದಿ ಇಲ್ಲವೇ ಇಲ್ಲ, ಗ್ರಾನೈಟ್ ಥರದ ಚಾರ್ನೊಕೈಟ್ ಕಲ್ಲು. ಕೋಟ್ಯಂತರ ವರ್ಷ ತೊಳೆದು ತೊಳೆದು ಅಲ್ಯೂಮಿನಿಯಂ, ಕಬ್ಬಿಣ ಮಾತ್ರ ಉಳಿದ ಮಣ್ಣಿಗೆ ತಂಪು ಹವೆಯಲ್ಲಿ ಹ್ಯೂಮಸ್ ಸೇರಿ ಅವೆರಡೂ ಕಚ್ಕೊಂಡು ಆಂಡೊಸಾಲ್ ಗುಣ ಬಂದಿದೆ, ಅಲೋಫೇನ್ ಇಲ್ಲದ ಆಂಡೊಸಾಲ್ ಅಂತ 2000ದಲ್ಲಿ ವಿಜ್ಞಾನಿಗಳು ಬರೆದ್ರು. ಅಂದ್ರೆ ಬೂದಿ ಒಂದು ದಾರಿ ಅಷ್ಟೇ, ಅಲ್ಯೂಮಿನಿಯಂ, ಹ್ಯೂಮಸ್, ತಂಪು, ಹಸಿ ಇದ್ರೆ ಬೇರೆ ದಾರಿಯಲ್ಲೂ ಅಲ್ಲಿಗೆ ಬರಬಹುದು. ಕೊಪ್ಪದ ಅಕ್ಕಾ, ನಿಮ್ಮ ಜಂಬಿಟ್ಟಿಗೆ ಮಣ್ಣೂ ರಂಜಕನ ಕಬ್ಬಿಣದಿಂದ ಕಟ್ಟಿ ಹಾಕುತ್ತೆ, ಹುಳಿ ಮಣ್ಣಿನ ಕಾಫಿ ತೋಟಕ್ಕೆ ರಾಕ್ ಫಾಸ್ಫೇಟ್ ಹಾಕೋದು ನಿಮ್ಮನೇಲಿ ನೋಡಿರ್ತೀರಿ. ಆ ಲೆಕ್ಕದಲ್ಲಿ ನಿಮಗೆ ಈ ಮಣ್ಣು ಪೂರ್ತಿ ಹೊಸದಲ್ಲ.

ಕೊಪ್ಪದ ತೋಟದವಳು:

ರಾಕ್ ಫಾಸ್ಫೇಟ್ ಮೂಟೆ ಮೇಲೆ ಕೂತು ಆಡಿದವಳು ನಾನು, ಯಾಕೆ ಹಾಕ್ತಾರೆ ಅಂತ ಇವತ್ತು ಗೊತ್ತಾಯ್ತು.

ಎಂಜಿನಿಯರ್ ಮುಂದಿನ ಗುರುವಾರ ಬರ್ತಾರೆ. ಮರ ಮುಟ್ಟಲ್ಲ. ಅಕ್ಟೋಬರ್‌ಗೆ ಮತ್ತೆ ಡೋಜರ್ ಬುಕ್ ಮಾಡಿದ್ದೆ, ಬೆಳಗ್ಗೆನೇ ಫೋನ್ ಮಾಡಿ ಬೇಡ ಅಂದೆ. ಓಡಾಟಕ್ಕೆ ಒಂದೇ ದಾರಿ ಗುರುತು ಹಾಕಿ ಹಗ್ಗ ಕಟ್ಟಿದೀನಿ. ಡೋಜರ್ ಸಾಲನ್ನ ಒಣ ಹದ ಬಂದಾಗ ಫೋರ್ಕ್‌ನಲ್ಲಿ ಕೈಯಿಂದಲೇ ಎಬ್ಬಿಸ್ತೀವಿ, ಎಷ್ಟು ತಿಂಗಳಾದ್ರೂ ಸರಿ. ಅಮ್ಮನಿಗೆ ಫೋನಲ್ಲಿ ಎಲ್ಲ ಹೇಳಿದೆ, ಕೇಳಿ ಮುಗಿಸಿ ಅವಳು ಅಂದಿದ್ದು ಇಷ್ಟೇ, "ಮಣ್ಣು ಬೆತ್ತಲೆ ಬಿಡಬೇಡ ಅಂತ ನಿಮ್ಮಜ್ಜ ದಿನಾ ಹೇಳ್ತಿದ್ರು, ದರಗು ಹಾಕು ಮಾರಾಯ್ತಿ." ನಮ್ಮನೆ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಅಡಿಕೆ ಬುಡಕ್ಕೆ ಹಾಕ್ತಿದ್ದಿದ್ದು ನೆನಪಾಯ್ತು.

ಗುಡ್ಡೆಯ ಉಳಿದ ಅರ್ಧ ಇನ್ನೂ ಮೂಲೆಯಲ್ಲೇ ಇದೆ. ಇವತ್ತು ಸಂಜೆ ಒಂದು ಪಕ್ಕ ಅಗೆದು ನೋಡಿದೆ, ಮೇಲಿನ ಎರಡಡಿ ಮರಳೇ, ಅದರ ಒಳಗೆ ಇನ್ನೂ ಹಸಿ ಇದೆ, ಉಜ್ಜಿದ್ರೆ ಜಾರ್ತಿದೆ. ಬೆಳಗ್ಗೆ ಬಿಸಿಲು ಬರೋ ಮುಂಚೆ ಟಾರ್ಪಾಲು ಹೊದಿಸ್ತೀವಿ.